ನಿವೇಶನದ ಕ್ರಯ ಕರಾರನ್ನು ಮಾಲೀಕರು ಮುರಿದಾಗ ಖರೀದಿದಾರರು ಏನು ಮಾಡಬೇಕು?

ಮುಂಗಡ ಪಡೆದು ಕ್ರಯ ಕರಾರಿಗೆ ಸಹಿ ಹಾಕಿದ ಮಾಲೀಕರು, ಬೆಲೆ ಏರಿತೆಂಬ ಕಾರಣಕ್ಕೆ ನೋಂದಣಿ ಮಾಡಿಕೊಡಲು ಒಪ್ಪದಿದ್ದರೆ ಅದು ಕರಾರಿನ ಉಲ್ಲಂಘನೆ. ಗೊತ್ತುಪಡಿಸಿದ ದಿನಕ್ಕೆ ಮುಂಚೆಯೇ ಅವರು ಖಡಾಖಂಡಿತವಾಗಿ ನಿರಾಕರಿಸಿದ್ದರೆ, 1872ರ ಭಾರತೀಯ ಕರಾರು ಕಾಯ್ದೆಯ 39ನೆಯ ಕಲಮಿನ ಪ್ರಕಾರ ಖರೀದಿದಾರರು ಕರಾರನ್ನು ಅಲ್ಲಿಗೇ ಕೊನೆಗೊಳಿಸಬಹುದು. ಆದರೆ ನಿವೇಶನವೇ ಬೇಕೆನ್ನುವವರು ಹಾಗೆ ಮಾಡಬಾರದು; ಕೋಪದಲ್ಲಿ 'ಕರಾರು ರದ್ದು, ಹಣ ವಾಪಸ್ ಕೊಡಿ' ಎಂದು ಕಳಿಸಿದ ಒಂದು ವಾಟ್ಸಾಪ್ ಸಂದೇಶವೂ ಮುಂದೆ ಅವರ ವಿರುದ್ಧವೇ ಸಾಕ್ಷಿಯಾಗುತ್ತದೆ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ, ಕ್ರಯಪತ್ರ ಮಾಡಿಸಿಕೊಡುವ ಆದೇಶವು ಮೊದಲಿನಂತೆ ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಹಾಗಿದ್ದರೂ ಕರಾರಿನಲ್ಲಿ ತಮ್ಮ ಪಾಲಿನದನ್ನು ನೆರವೇರಿಸಲು ತಾವು ಸದಾ ಸಿದ್ಧರಾಗಿದ್ದೆವೆಂದು ಖರೀದಿದಾರರು ರುಜುವಾತುಪಡಿಸಲೇಬೇಕು. ನನ್ನ ದೃಷ್ಟಿಯಲ್ಲಿ ಇಡೀ ದಾವೆಯ ಜೀವಾಳ ಇದೇ. ಆದ್ದರಿಂದ ಬಾಕಿ ಹಣ ಖಾತೆಯಲ್ಲಿತ್ತೆಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟನ್ನೋ ಸಾಲ ಮಂಜೂರಾತಿ ಪತ್ರವನ್ನೋ ಜೋಪಾನವಾಗಿಡಿ. ಬಳಿಕ ವಕೀಲರ ಮೂಲಕ ನೋಟಿಸ್ ಕಳಿಸಿ. ಕರಾರಿನ ದಿನಾಂಕ, ಕೊಟ್ಟ ಮುಂಗಡ, ಕೊಡಬೇಕಾದ ಬಾಕಿ ಹಾಗೂ ಉಪನೋಂದಣಾಧಿಕಾರಿ ಕಚೇರಿಗೆ ಮಾಲೀಕರು ಬರಬೇಕಾದ ದಿನ ಅದರಲ್ಲಿ ಸ್ಪಷ್ಟವಾಗಿರಲಿ. ಆ ದಿನ ನೀವು ಹಣದ ವ್ಯವಸ್ಥೆಯೊಂದಿಗೆ ಅಲ್ಲಿ ಹಾಜರಿದ್ದು, ಅದಕ್ಕೆ ಪುರಾವೆ ಇಟ್ಟುಕೊಳ್ಳಿ.

ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ನೋಂದಣಿಗೆ ದಿನ ಗೊತ್ತುಪಡಿಸಿದ್ದರೆ ಅಂದಿನಿಂದ, ಇಲ್ಲವಾದರೆ ಮಾಲೀಕರ ನಿರಾಕರಣೆ ನಿಮಗೆ ತಿಳಿದ ದಿನದಿಂದ ಅದರ ಎಣಿಕೆ ಶುರು. ಕ್ರಯಪತ್ರ ಸಿಗದಿದ್ದಲ್ಲಿ ಮುಂಗಡವನ್ನಾದರೂ ಮರಳಿಸಬೇಕೆಂಬ ಪರ್ಯಾಯ ಕೋರಿಕೆಯನ್ನು ಅದೇ ದಾವೆಯಲ್ಲಿ ಸೇರಿಸಿ. ಕೇಳದ ಪರಿಹಾರವನ್ನು ನ್ಯಾಯಾಲಯ ತಾನಾಗಿ ಕೊಡುವುದಿಲ್ಲ. 'ತಪ್ಪಿದರೆ ಮುಂಗಡದ ಎರಡರಷ್ಟು' ಎಂಬ ಷರತ್ತಿದ್ದ ಮಾತ್ರಕ್ಕೆ ಅಷ್ಟೂ ಸಿಗುತ್ತದೆಂದು ನಂಬಬೇಡಿ. ಕರಾರು ಕಾಯ್ದೆಯ 74ನೆಯ ಕಲಮಿನಡಿ ಆ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯಸಮ್ಮತವೆನಿಸಿದಷ್ಟನ್ನು ನ್ಯಾಯಾಲಯ ಕೊಡಿಸುತ್ತದೆ.

ಇನ್ನೊಂದು ಅಪಾಯವಿದೆ. ನಿಮ್ಮ ಕರಾರಿನ ಸುಳಿವಿಲ್ಲದೆ ಪ್ರಾಮಾಣಿಕವಾಗಿ ಪೂರ್ಣ ಬೆಲೆ ತೆತ್ತು ಅದೇ ನಿವೇಶನವನ್ನು ಕೊಂಡ ಮೂರನೆಯವರಿಗೆ ಕಾನೂನಿನ ರಕ್ಷಣೆಯಿದೆ. ಹಾಗಾಗಿ ಶುಲ್ಕದ ಲೆಕ್ಕ ಹಾಕದೆ, ಕ್ರಯ ಕರಾರನ್ನು ಮೊದಲೇ ನೋಂದಾಯಿಸಿ, ಅದು ಇ.ಸಿ.ಯಲ್ಲಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವಂತೆ ನೋಡಿಕೊಳ್ಳಿ.