ತಾರಸಿ ಕುಂಡಗಳಿಗೆ ಟೈಮರ್ ಸಹಿತ ಹನಿ ನೀರಾವರಿ: ಅಳವಡಿಸುವ ಕ್ರಮ

ತಾರಸಿ ತೋಟಕ್ಕೆ ಡ್ರಿಪ್ ಕಿಟ್ ಕೊಳ್ಳುವ ಮೊದಲು ಓವರ್‌ಹೆಡ್ ಟ್ಯಾಂಕಿನ ಎತ್ತರವನ್ನು ಅಳೆಯಿರಿ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಕುಂಡಗಳಿಗಿಂತ ಎರಡೇ ಮೀಟರ್ ಮೇಲಿರುವ ಟ್ಯಾಂಕಿನಿಂದ ಸಿಗುವುದು 0.2 ಬಾರ್ ಮಾತ್ರ. ಕಿಟ್‌ಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲಿನ ಮೂಲ ಈ ವ್ಯತ್ಯಾಸದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮಾರುಕಟ್ಟೆಯ ಟೈಮರ್‌ಗಳಲ್ಲಿ ಎರಡು ಬಗೆಗಳಿವೆ. ಸೊಲೆನಾಯ್ಡ್ ವಾಲ್ವ್ (ವಿದ್ಯುತ್ಕಾಂತದಿಂದ ತೆರೆಯುವ ಕವಾಟ) ಇರುವವುಗಳಲ್ಲಿ ಹೆಚ್ಚಿನವು ನೀರಿನ ಒತ್ತಡದ ನೆರವಿಲ್ಲದೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಪುಟ್ಟ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಇರುವ ಟೈಮರ್‌ಗೆ ಒತ್ತಡದ ಹಂಗಿಲ್ಲ. ಟ್ಯಾಂಕಿನ ನೀರಿಗೆ ಅದನ್ನೇ ಆರಿಸಿಕೊಳ್ಳಿ. ಟ್ಯಾಂಕಿನ ಒತ್ತಡ ಕಡಿಮೆ ಇರುವುದರಿಂದ, ನೀರು ಹನಿಸುವ ತುದಿಗಳಾದ ಡ್ರಿಪ್ಪರ್‌ಗಳಲ್ಲಿ ಒತ್ತಡವನ್ನು ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳೂ ಇಲ್ಲಿ ಬೇಡ, ಸಾಮಾನ್ಯ ಡ್ರಿಪ್ಪರ್‌ಗಳೇ ಸಾಕು.

ಟ್ಯಾಂಕಿನ ಕೊಳಾಯಿಗೆ ಮೊದಲು 120 ಮೆಷ್‌ನ ಜರಡಿ ಫಿಲ್ಟರ್, ಅದರ ನಂತರ ಟೈಮರ್, ಆಮೇಲೆ ಕುಂಡಗಳ ಸಾಲಿಗೆ ನೀರು ಒಯ್ಯುವ 16 ಮಿ.ಮೀ. ಕಪ್ಪು ಲ್ಯಾಟರಲ್ ಪೈಪು ಬರಲಿ. ಬೆಳಕು ತೂರುವ ಪೈಪಿನಲ್ಲಿ ಪಾಚಿ ಬೆಳೆಯುವುದರಿಂದ ಪಾರದರ್ಶಕ ಪೈಪನ್ನು ಬಳಸಬಾರದು. ಪೈಪನ್ನು ಕುಂಡಗಳ ಸಾಲಿನ ಉದ್ದಕ್ಕೂ ಹಾಯಿಸಿ, ಪಂಚ್‌ನಿಂದ ರಂಧ್ರ ಮಾಡಿ, ಪ್ರತಿ ಕುಂಡಕ್ಕೂ 4 ಮಿ.ಮೀ. ಮೈಕ್ರೋ ಟ್ಯೂಬ್ ಎಳೆದು, ಅದರ ತುದಿಗೆ ಡ್ರಿಪ್ಪರ್ ಸಿಕ್ಕಿಸಿ. ಡ್ರಿಪ್ಪರಿನ ಬಾಯಿ ಮಣ್ಣಿನೊಳಗೆ ಹೂತಿರದೆ ಎರಡು ಬೆರಳಿನಷ್ಟು ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ವಾಲ್ವ್ ಮುಚ್ಚಿದಾಗ ಪೈಪು ಕೆಸರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಲ್ಯಾಟರಲ್‌ನ ಕೊನೆಗೆ ಬಿಚ್ಚಬಹುದಾದ ಮುಚ್ಚಳವನ್ನೇ ಹಾಕಿ.

ಇನ್ನು ಅವಧಿಯ ಲೆಕ್ಕ. ಗಂಟೆಗೆ 4 ಲೀಟರ್ ಎಂದು ಗುರುತು ಹಾಕಿದ ಸಾಮಾನ್ಯ ಡ್ರಿಪ್ಪರ್ ಆ ಪ್ರಮಾಣವನ್ನು ಕೊಡುವುದು ಸುಮಾರು 1 ಬಾರ್ ಒತ್ತಡದಲ್ಲಿ, 0.2 ಬಾರ್‌ನಲ್ಲಿ ಅದರ ಅರ್ಧದಷ್ಟೂ ಬರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬದೆ, ಟ್ಯಾಂಕಿಗೆ ಹತ್ತಿರದ ಒಂದು ಡ್ರಿಪ್ಪರ್ ಮತ್ತು ಸಾಲಿನ ಕೊನೆಯ ಒಂದು ಡ್ರಿಪ್ಪರ್ ಕೆಳಗೆ ಲೋಟಗಳನ್ನಿಟ್ಟು 15 ನಿಮಿಷ ನೀರು ಬಿಟ್ಟು ಅಳೆಯಿರಿ. 450 ಮಿ.ಲೀ. ತುಂಬಿದರೆ, ಬೇಸಿಗೆಯಲ್ಲಿ ದಿನಕ್ಕೆ ಸುಮಾರು 1.35 ಲೀಟರ್ ಬೇಡುವ ಟೊಮೆಟೊ ಗ್ರೋ ಬ್ಯಾಗಿಗೆ ಒಟ್ಟು 45 ನಿಮಿಷ ಬೇಕು. ಎರಡು ಲೋಟಗಳ ನಡುವೆ ಬಹಳ ಅಂತರ ಕಂಡರೆ ಲ್ಯಾಟರಲ್‌ನ ಎರಡು ತುದಿಗಳನ್ನೂ ಜೋಡಿಸಿ ಬಳೆಯಂತೆ ಮಾಡಿ, ನೀರು ಎರಡೂ ಕಡೆಯಿಂದ ಹರಿಯಲಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಣ್ಣಿನ ಮಿಶ್ರಣಕ್ಕೆ ಆ 45 ನಿಮಿಷವನ್ನು ಎರಡು ಮೂರು ಕಂತುಗಳಲ್ಲಿ ಹಂಚಿ. ಕಳ್ಳಿ, ಲೋಳೆಸರಗಳನ್ನು ಈ ಸಾಲಿಗೆ ಸೇರಿಸಲೇಬೇಡಿ.

ಮೊದಲ ಕಂತು ಬೆಳಗಿನ ಆರು ಗಂಟೆಯ ಆಸುಪಾಸಿನಲ್ಲಿರಲಿ, ಏಕೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು ಪೈಪಿನಲ್ಲಿ ನಿಂತ ನೀರು ಬೇರಿಗೆ ಹಿತವಲ್ಲದಷ್ಟು ಕಾದಿರುತ್ತದೆ. ತಾರಸಿಯಲ್ಲಿ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಿಡಮನೆ) ಇದ್ದರೆ ಸಂಜೆಯ ಕಂತನ್ನು ಕೈಬಿಡಿ. ರಾತ್ರಿಯಿಡೀ ಒಳಗೆ ತೇವ ನಿಂತರೆ ಎಲೆಗಳಿಗೆ ಶಿಲೀಂಧ್ರ ರೋಗ ತಗಲುತ್ತದೆ. ತೆರೆದ ತಾರಸಿಯಲ್ಲಿ ಮಳೆಗಾಲಕ್ಕೆ ಟೈಮರ್ ನಿಲ್ಲಿಸಬಹುದು, ಆದರೆ ಪಾಲಿಹೌಸಿನೊಳಗೆ ಮಳೆ ಬೀಳದ ಕಾರಣ ಅಲ್ಲಿ ನಿಲ್ಲಿಸುವಂತಿಲ್ಲ.

ಬೋರ್‌ವೆಲ್ ನೀರು ಬಳಸುವವರು ಡ್ರಿಪ್ಪರಿನ ಬಾಯನ್ನು ಆಗಾಗ ಹತ್ತಿರದಿಂದ ನೋಡಬೇಕು. ಅಂಚಿನಲ್ಲಿ ಉಪ್ಪಿನ ಹರಳಿನಂಥ ಬಿಳಿ ಪದರ ಕಂಡರೆ ಅದು ಗಡಸು ನೀರಿನ ಸುಣ್ಣ. ಡ್ರಿಪ್ಪರ್‌ಗಳನ್ನು ಕಳಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿಟ್ಟರೆ ಅದು ಕರಗುತ್ತದೆ. ಫಿಲ್ಟರ್ ಜರಡಿಯನ್ನು ವಾರಕ್ಕೊಮ್ಮೆ ತೊಳೆಯಿರಿ. ತಿಂಗಳಿಗೊಮ್ಮೆ ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೊರಹೋಗುವವರೆಗೆ ನೀರು ಹರಿಸಿ.

ಊರಿಗೆ ಹೊರಡುವ ಮುನ್ನ ಟೈಮರಿನ ಸೆಲ್ ಬದಲಿಸಿ, ಟ್ಯಾಂಕಿನ ಲೆಕ್ಕವನ್ನೂ ಹಾಕಿಕೊಳ್ಳಿ. 40 ಕುಂಡಗಳಿಗೆ ತಲಾ ಒಂದೂವರೆ ಲೀಟರಿನಂತೆ ದಿನಕ್ಕೆ 60 ಲೀಟರ್, ಹತ್ತು ದಿನಕ್ಕೆ 600 ಲೀಟರ್ ಬೇಕು. ನಿಮ್ಮದು 500 ಲೀಟರಿನ ಟ್ಯಾಂಕಾಗಿದ್ದು, ಮೋಟಾರ್ ಹಾಕುವವರು ಮನೆಯಲ್ಲಿ ಯಾರೂ ಇಲ್ಲವಾದರೆ, ಒಮ್ಮೆ ಬಂದು ಟ್ಯಾಂಕ್ ತುಂಬಿಸುವಂತೆ ನೆರೆಮನೆಯವರಿಗೆ ಮೊದಲೇ ಹೇಳಿಡಿ.