ಮೊದಲ ಕಿಟ್ ಅವಳೇ ಆರಿಸಲಿ: ಸ್ಕೇಲ್ ಮಾಡೆಲ್ ಕಟ್ಟಲು ಹೊರಟ ಹೆಣ್ಣುಮಕ್ಕಳಿಗೆ

ಹೊಸದಾಗಿ ಸ್ಕೇಲ್ ಮಾಡೆಲ್, ಅಂದರೆ ನಿಜವಾದ ವಿಮಾನ, ಹಡಗುಗಳ ಅಳತೆಗೆ ತಕ್ಕ ಚಿಕ್ಕ ಪ್ರತಿಕೃತಿ, ಕಟ್ಟಲು ಹೊರಟ ಹುಡುಗಿಗೆ ಸುತ್ತಲಿನವರು ಕೊಡುವ ಮೊದಲ ಸಲಹೆ "ಯಾವುದಾದರೂ ಸುಲಭದ್ದು ತೆಗೆದುಕೋ" ಎಂಬುದು. ಇದಕ್ಕೆ ನನ್ನ ತಕರಾರಿದೆ. ಅವಳಿಗೆ ಒಲವೇ ಇಲ್ಲದ ಕಾರೊಂದರ ಪೆಟ್ಟಿಗೆಯನ್ನು ಸುಲಭವೆಂದು ಕೈಗಿಟ್ಟರೆ ಅದು ಅರ್ಧಕ್ಕೆ ನಿಂತು ಕಪಾಟು ಸೇರುತ್ತದೆ. ಆಮೇಲೆ "ಹುಡುಗಿಯರಿಗೆ ಇದರಲ್ಲಿ ಆಸಕ್ತಿಯಿಲ್ಲ" ಎಂಬ ತೀರ್ಪು ಹೊರಬೀಳುತ್ತದೆ. ಎದುರಿಗಿರುವವಳು ಶಾಲೆಯ ಹುಡುಗಿಯಾಗಲಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗಷ್ಟೇ ಬಿಡುವು ಕಂಡ ತಾಯಿಯಾಗಲಿ, ಕಲಿಸಲು ಕುಳಿತಾಗ ನಾನು ಮೊದಲು ಕೇಳುವುದು ಇಷ್ಟೇ: ಯಾವ ವಿಮಾನ, ಯಾವ ಹಡಗು, ಯಾವ ಟ್ಯಾಂಕ್ ಕಂಡರೆ ನಿಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ? ಅದನ್ನೇ ಕಟ್ಟೋಣ.

ನನ್ನ ಷರತ್ತುಗಳು ಎರಡೇ. ಕಿಟ್‌ನ, ಅಂದರೆ ಬಿಡಿಭಾಗಗಳ ಪೆಟ್ಟಿಗೆಯ, ಅಚ್ಚು ಹಳೆಯದಾಗಿರಬಾರದು. ಭಾಗಗಳು ಎಷ್ಟೇ ಇರಲಿ, ಒಂದಕ್ಕೊಂದು ಸರಿಯಾಗಿ ಕೂಡಿದರೆ ಕೆಲಸ ಸಲೀಸು; ಹಳೆಯ ಅಚ್ಚಿನ ಕಿಟ್‌ನಲ್ಲಿ ಇಪ್ಪತ್ತೇ ಭಾಗಗಳಿದ್ದರೂ ಸಂದು ತುಂಬಿಸುವುದರಲ್ಲಿ ಉತ್ಸಾಹ ಇಂಗಿಹೋಗುತ್ತದೆ. ಎರಡನೆಯದು, ರೆಕ್ಕೆಗಳ ನಡುವೆ ತಂತಿ ಬಿಗಿಯಬೇಕಾದ ಎರಡು ಹಂತದ ರೆಕ್ಕೆಯ ವಿಮಾನ ಮೊದಲಿಗೇ ಬೇಡ. ಚಿಕ್ಕ ಮಕ್ಕಳಿಗಾದರೆ ಅಂಟಿಲ್ಲದೆ ಕೂಡಿಸುವ ಕಿಟ್‌ಗಳಿವೆ. ಬಂಡಾಯ್ ಕಂಪನಿ 1980ರಿಂದ ತಯಾರಿಸುತ್ತಿರುವ ಗುಂಡಂ ರೋಬೋಟ್‌ಗಳಲ್ಲಿ ಈಗಿನವು ಈ ಬಗೆಯವು. ಈಗಿನ 1/144 ಪ್ರಮಾಣದ (ನಿಜದಳತೆಯ 144ನೇ ಒಂದು ಪಾಲಿನ) ಕಿಟ್‌ಗಳಲ್ಲಿ ಭಾಗಗಳು ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತವೆ. ಅವನ್ನು ಆಟಿಕೆಯೆಂದು ಮೂಗು ಮುರಿಯುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಭಾಗವನ್ನು ಅದು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಗುರುತುಳಿಯದಂತೆ ಬಿಡಿಸುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಕಿಟ್ ಇನ್ನೊಂದಿಲ್ಲ.

ಪ್ರಮಾಣದ ಲೆಕ್ಕ ಸರಳವಾದದ್ದು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ನಿಜವಾದ ರೆಕ್ಕೆಯ ಅಗಲ 11.23 ಮೀಟರ್. 1/72ರಲ್ಲಿ ಅದು ಸುಮಾರು 15.6 ಸೆಂಟಿಮೀಟರ್, 1/48ರಲ್ಲಿ 23.4. ಹೊಸಬರಿಗೆ 1/48 ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಚಾಲಕರ ಕೋಣೆಯ ಒಳಗನ್ನು ಬರಿಗಣ್ಣಿಗೆ ಕಾಣುವಂತೆ ಬಣ್ಣಿಸಬಹುದು, ಮುಗಿದ ಮೇಲೆ ಪುಸ್ತಕದ ಕಪಾಟಿನಲ್ಲೂ ಹಿಡಿಸುತ್ತದೆ.

ಯುದ್ಧವಿಮಾನ ಗಂಡಸರ ವಸ್ತು ಎನ್ನುವವರಿಗೆ ಈ ಸ್ಪಿಟ್‌ಫೈರೇ ಉತ್ತರ. ಅದರ ಮರ್ಲಿನ್ ಎಂಜಿನ್, ವಿಮಾನ ಥಟ್ಟನೆ ಮೂಗು ತಗ್ಗಿಸಿದಾಗ ಇಂಧನದ ಹರಿವು ಕೆಟ್ಟು ನಿಂತುಹೋಗುತ್ತಿತ್ತು. 1941ರಲ್ಲಿ ಅದಕ್ಕೆ ಪುಟ್ಟದೊಂದು ಲೋಹದ ತಡೆಯನ್ನು ರೂಪಿಸಿ ಪರಿಹಾರ ಕೊಟ್ಟವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್. ಕಾರ್ಖಾನೆಯಿಂದ ವಾಯುನೆಲೆಗಳಿಗೆ ಹೊಸ ವಿಮಾನಗಳನ್ನು ಹಾರಿಸಿ ತಲುಪಿಸುತ್ತಿದ್ದ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿಯಲ್ಲಿ ಮಹಿಳಾ ಪೈಲಟ್‌ಗಳಿದ್ದರು. ಅವರು ಹಾಗೆ ತಲುಪಿಸಿದ ವಿಮಾನವನ್ನೇ ಮಾಡೆಲ್ ಆಗಿ ಕಟ್ಟಬಹುದು, ಅದೂ ಯಾವ ಹೆಚ್ಚುವರಿ ಖರ್ಚಿಲ್ಲದೆ. ದಳದ ಗುರುತಿನ ಅಕ್ಷರಗಳನ್ನು ಬರೆಯುತ್ತಿದ್ದುದು ವಿಮಾನ ದಳ ಸೇರಿದ ಮೇಲೆ. ಆದ್ದರಿಂದ ಕಿಟ್‌ನಲ್ಲಿರುವ ಆ ಅಕ್ಷರಗಳ ಡೆಕಾಲ್‌ಗಳನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಗಳನ್ನು) ಬಿಟ್ಟುಬಿಡಿ, ದುಂಡು ಲಾಂಛನ ಮತ್ತು ಸರಣಿ ಸಂಖ್ಯೆ ಮಾತ್ರ ಅಂಟಿಸಿ. ಮಸಿ, ಎಣ್ಣೆಯ ಕಲೆ, ಸವೆತ ಯಾವುದೂ ಬೇಡ. ನಿಮ್ಮ ಮುಂದಿರುವುದು ಒಬ್ಬ ಹೆಣ್ಣುಮಗಳು ಈಗಷ್ಟೇ ಇಳಿಸಿದ ಹೊಚ್ಚ ಹೊಸ ಸ್ಪಿಟ್‌ಫೈರ್. ಸವೆತ ತೋರಿಸುವ ಕಲೆ ಇನ್ನೂ ಕೈಗೆ ಬಾರದ ಹೊಸಬರಿಗೆ ಇದಕ್ಕಿಂತ ಹೊಂದುವ ವಿಷಯ ಸಿಗುವುದು ಕಷ್ಟ.

ಇಷ್ಟವಿದ್ದರೆ ಇನ್ನೂ ಎಷ್ಟೋ ಇವೆ. ಅಮೇಲಿಯಾ ಇಯರ್‌ಹಾರ್ಟ್ 1932ರ ಮೇ ತಿಂಗಳಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದ ಕೆಂಪು ಲಾಕ್‌ಹೀಡ್ ವೇಗಾ. 2018ರ ಫೆಬ್ರುವರಿಯಲ್ಲಿ ಅವನಿ ಚತುರ್ವೇದಿ ಒಬ್ಬರೇ ಹಾರಿಸಿದ ಮಿಗ್-21 ಬೈಸನ್. 1942ರಿಂದ ಸೋವಿಯತ್ ಮಹಿಳೆಯರ ರಾತ್ರಿ ಬಾಂಬರ್ ದಳ ಹಾರಿಸಿದ, ಮರ ಮತ್ತು ಬಟ್ಟೆಯಿಂದ ಮಾಡಿದ ಪೊಲಿಕಾರ್ಪೊವ್ ಪೋ-2. ಈ ಕೊನೆಯದಕ್ಕೆ ತಂತಿ ಬಿಗಿಯುವ ಕೆಲಸವಿದೆ, ಮೂರನೆಯದೋ ನಾಲ್ಕನೆಯದೋ ಕಿಟ್ ಆಗಿ ಇಟ್ಟುಕೊಳ್ಳಿ. ಆಗ ನೆನಪಿರಲಿ: 1/72ರಲ್ಲಿ 0.1 ಮಿಲಿಮೀಟರ್ ದಪ್ಪದ ದಾರ ನಿಜದಲ್ಲಿ 7.2 ಮಿಲಿಮೀಟರ್ ತಂತಿಗೆ ಸಮ. ಹೊಲಿಗೆಯ ದಾರ ಬಳಸಿದರೆ ವಿಮಾನಕ್ಕೆ ಹಗ್ಗ ಕಟ್ಟಿದಂತೆ ಕಾಣುತ್ತದೆ.

ಉಪಕರಣಗಳು ಹೆಚ್ಚೇನೂ ಬೇಡ. ಹರಿತವಾದ ಸೈಡ್ ಕಟರ್, ಬ್ಲೇಡ್ ಬದಲಿಸಬಹುದಾದ ಚಾಕು, ತುದಿ ಚೂಪಾದ ಚಿಮಟ, 400ರಿಂದ 1000ದವರೆಗಿನ ಮರಳು ಕಾಗದ, ತೆಳು ದ್ರವದ ಅಂಟು, ಎರಡು ಮೂರು ಒಳ್ಳೆಯ ಕುಂಚ. ಕಟರ್ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಹಿಡಿಕೆ ಪೂರ್ತಿ ತೆರೆದಾಗ ಬೆರಳುಗಳು ಚಾಚಿ ನೋಯುವಂತಿದ್ದರೆ ಅದು ನಿಮ್ಮ ಕೈಗೆ ದೊಡ್ಡದು. ಹೆಣ್ಣುಮಕ್ಕಳ ಕೈಯಲ್ಲಿ ಬಲ ಸಾಲದು ಎನ್ನುವವರಿದ್ದಾರೆ. ಈ ಕೆಲಸಕ್ಕೆ ಬೇಕಾದದ್ದು ಹರಿತ. ಮೊಂಡು ಬ್ಲೇಡ್ ಒತ್ತಿದಷ್ಟೂ ಜಾರುತ್ತದೆ, ಕೈ ಕುಯ್ಯುವುದು ಅದೇ. ಮತ್ತೆ, ಮೇಜಿನ ಮೂಲೆಯಾದರೂ ಸರಿ, ಪ್ರತಿ ಸಂಜೆ ಎತ್ತಿಡಬೇಕಾಗಿಲ್ಲದ ಜಾಗವೊಂದು ನಿಮ್ಮದಾಗಿರಬೇಕು. ಬೇರೆಯವರ ಕೆಲಸಕ್ಕೆಂದು ದಿನವೂ ಎಲ್ಲವನ್ನೂ ಸರಿಸಿಡಬೇಕಾದಲ್ಲಿ ಅಂಟು ಒಣಗುವ ಮೊದಲೇ ಭಾಗ ಅಲುಗಾಡುತ್ತದೆ, ಸಣ್ಣ ಚೂರುಗಳು ಕಳೆದುಹೋಗುತ್ತವೆ. ಮನೆಯವರ ಜೊತೆ ಇದನ್ನು ಮೊದಲೇ ಮಾತನಾಡಿ ಗಟ್ಟಿ ಮಾಡಿಕೊಳ್ಳಿ.

ಮುಖಗವಸಿನ ವಿಚಾರವನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಟ್ಟೆಯ ಮಾಸ್ಕ್ ಆಗಲಿ ಆಸ್ಪತ್ರೆಯಲ್ಲಿ ಹಾಕುವ ಮಾಸ್ಕ್ ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಕಟು ದ್ರಾವಕವಿರುವ ಲ್ಯಾಕರ್ ಬಣ್ಣ ಹೊಡೆಯುವುದಾದರೆ ಆವಿ ಮತ್ತು ಕಣ ಎರಡನ್ನೂ ಹಿಡಿಯುವ ಫಿಲ್ಟರ್ ಇರುವ ಅರ್ಧಮುಖದ ರೆಸ್ಪಿರೇಟರ್ ಬೇಕು, ಜೊತೆಗೆ ಗಾಳಿ ಹೊರಹಾಕುವ ಫ್ಯಾನ್ ಬೇಕು. ಈ ರೆಸ್ಪಿರೇಟರ್‌ಗಳು ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಅಳತೆಗಳಲ್ಲಿ ಬರುತ್ತವೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೈಗೆ ಕೊಡುವುದು ಮಧ್ಯಮ ಅಳತೆಯದ್ದು. ಅನೇಕ ಮಹಿಳೆಯರ ಮುಖಕ್ಕೆ, ಹದಿಹರೆಯದ ಹುಡುಗಿಯರ ಮುಖಕ್ಕೆ ಅದು ಸಡಿಲ. ಚಿಕ್ಕದನ್ನೇ ಕೇಳಿ ಪಡೆಯಿರಿ. ಹಾಕಿಕೊಂಡು ಎರಡೂ ಫಿಲ್ಟರ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆಯಿರಿ. ಮಾಸ್ಕ್ ಒಳಗೆಳೆದುಕೊಂಡು ಮುಖಕ್ಕೆ ಅಂಟಿಕೊಳ್ಳಬೇಕು, ಅಂಚಿನಿಂದ ಗಾಳಿ ನುಸುಳಬಾರದು. ಕೆನ್ನೆಯ ಬಳಿಯ ಕೂದಲೆಳೆ ಸಿಕ್ಕಿಕೊಂಡರೂ ಆ ಬಂದೋಬಸ್ತು ಮುರಿಯುತ್ತದೆ. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಗರ್ಭಿಣಿಯರು ಲ್ಯಾಕರ್, ಥಿನ್ನರ್‌ಗಳಿಂದ ದೂರವಿರುವುದು ಒಳ್ಳೆಯದು. ವೈದ್ಯರನ್ನು ಕೇಳಿ, ಆ ತಿಂಗಳುಗಳಲ್ಲಿ ನೀರು ಆಧಾರಿತ ಬಣ್ಣ ಮತ್ತು ಕುಂಚವನ್ನು ನೆಚ್ಚಿಕೊಳ್ಳಿ. ಕುಂಚದಿಂದಲೇ ಅದ್ಭುತವಾಗಿ ಬಣ್ಣಿಸುವವರು ಎಷ್ಟೋ ಮಂದಿ ಇದ್ದಾರೆ.

ಇನ್ನು ಕಟ್ಟುವ ಕೆಲಸ. ಭಾಗವನ್ನು ಚೌಕಟ್ಟಿನಿಂದ ಬಿಡಿಸುವಾಗ ಎರಡು ಸಲ ಕತ್ತರಿಸಿ: ಮೊದಲು ಭಾಗದಿಂದ ದೂರಕ್ಕೆ, ಆಮೇಲೆ ಉಳಿದ ಮೋಟು ತುಂಡನ್ನು ಹತ್ತಿರಕ್ಕೆ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಭಾಗವೇ ಕಿತ್ತುಬರುತ್ತದೆ.

ಅಂಟಿಸುವುದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಮಾಡೆಲ್ ಮತ್ತು ಸಾಧಾರಣ ಮಾಡೆಲ್ ಬೇರೆಯಾಗುವುದು ಇಲ್ಲೇ. ವಿಮಾನದ ಒಡಲಿನ ಎರಡು ಅರ್ಧಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ, ಎಲ್ಲಿ ತಡೆಯುತ್ತದೆ ನೋಡಿ, ಅಲ್ಲಿ ಉಜ್ಜಿ. ಅವು ಸರಿಯಾಗಿ ಕೂತ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಅಂಟಿನ ಕುಂಚವನ್ನು ಸಂದಿಗೆ ಮುಟ್ಟಿಸಿದರೆ ಸಾಕು. ದ್ರವ ತಾನಾಗಿಯೇ ಸಂದಿನುದ್ದಕ್ಕೂ ಹರಿಯುತ್ತದೆ. ನಿಮ್ಮ ಬೆರಳು ಆ ಗೆರೆಯ ಮೇಲಿರಬಾರದು, ಇದ್ದರೆ ಅಂಟು ಬೆರಳಿನಡಿಗೂ ಹರಿದು ಬೆರಳಚ್ಚು ಪ್ಲಾಸ್ಟಿಕ್‌ನಲ್ಲಿ ಮೂಡುತ್ತದೆ. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುವಂಥದ್ದು. ಕೆಲವು ಕ್ಷಣ ಬಿಟ್ಟು ಎರಡು ಅರ್ಧಗಳನ್ನು ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ಸಂದಿನಿಂದ ಉಬ್ಬಿ, ತೆಳ್ಳಗಿನ ಮಣಿಯೊಂದು ಉದ್ದಕ್ಕೂ ನಿಲ್ಲುತ್ತದೆ. ಅದನ್ನು ಒರೆಸುವ ಆಸೆ ಹುಟ್ಟುತ್ತದೆ, ಒರೆಸಬೇಡಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಮರುದಿನ ಚಾಕುವಿನ ಬೆನ್ನಿನಿಂದ ಆ ಮಣಿಯನ್ನು ಹೆರೆದು, ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಗೆರೆ ಮಾಯವಾಗುತ್ತದೆ, ಸಂದು ತುಂಬುವ ಪುಟ್ಟಿಯೇ ಬೇಕಾಗುವುದಿಲ್ಲ. ಉಗುರಿನಿಂದ ಅಡ್ಡಲಾಗಿ ಎಳೆದು ನೋಡಿ. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ.

ಬಣ್ಣಕ್ಕೆ ಮೊದಲು ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಹಾಕುವ ತಳಪದರ. ಏರ್‌ಬ್ರಷ್ ಇದ್ದರೆ ಬಣ್ಣವನ್ನು ಹಾಲಿನ ಹದಕ್ಕೆ ತೆಳುವಾಗಿಸಿ, ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇಟ್ಟುಕೊಳ್ಳಿ. ಇಯರ್‌ಹಾರ್ಟ್ ಅವರ ವೇಗಾದಂಥ ಕೆಂಪಿಗೆ ಬೂದು ಪ್ರೈಮರ್ ಹಾಕಿದರೆ ಕೆಂಪು ಮಂಕಾಗುತ್ತದೆ. ಬಿಳಿ ಅಥವಾ ನಸುಗುಲಾಬಿ ಮೇಲೆ ತೆಳು ತೆಳುವಾಗಿ ಹಲವು ಪದರ ಹಾಕಿ. ಡೆಕಾಲ್ ಅಂಟಿಸುವ ಮುನ್ನ ಹೊಳಪಿನ ವಾರ್ನಿಷ್ ಕಡ್ಡಾಯ. ಒರಟು ಮೇಲ್ಮೈಯಲ್ಲಿ ಡೆಕಾಲ್‌ನಡಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾದ ಭಾಗ ಮನುಷ್ಯರ ಆಕೃತಿಗಳು. ಕಿಟ್‌ಗಳಲ್ಲಿ ಬರುವ ಪೈಲಟ್‌ಗಳು ಬಹುಪಾಲು ಗಂಡಸರು. 1/35ರಲ್ಲಿ ಐಸಿಎಂ, ಮಾಸ್ಟರ್ ಬಾಕ್ಸ್‌ನಂಥ ಕಂಪನಿಗಳ ಮಹಿಳಾ ಆಕೃತಿಗಳು ಸಿಗುತ್ತವೆ. ಉಳಿದ ಕಡೆ ನಾವೇ ಮಾರ್ಪಡಿಸಬೇಕು. 1/48ರ ಪೈಲಟ್‌ನನ್ನು ಹೆಣ್ಣಾಗಿಸಲು ಎದೆಯ ಮೇಲೆ ಪುಟ್ಟಿ ಮೆತ್ತುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದಪ್ಪನೆಯ ಹಾರಾಟದ ಉಡುಪು, ಅದರ ಮೇಲೆ ಪ್ಯಾರಾಚೂಟ್ ಪಟ್ಟಿಗಳು. ಮೈಯ ಆಕಾರ ಅಲ್ಲಿ ಕಾಣುವುದೇ ಇಲ್ಲ. 600ರ ಕಾಗದದಿಂದ ದವಡೆಯನ್ನು ತುಸು ಕಿರಿದು ಮಾಡಿ, ಕುತ್ತಿಗೆಯನ್ನು ಸ್ವಲ್ಪ ತೆಳುವಾಗಿಸಿ, ಭುಜದ ಎರಡೂ ಬದಿ ಕೂದಲೆಳೆಯಷ್ಟು ಹೆರೆಯಿರಿ. ಚರ್ಮದ ಟೋಪಿಯ ಹಿಂದೆ ಎಪಾಕ್ಸಿ ಪುಟ್ಟಿಯಿಂದ ಕೂದಲಿನ ಸಣ್ಣ ಸುರುಳಿ ಇಟ್ಟರೆ ಮುಗಿಯಿತು.

ಮುಖಕ್ಕೆ ಬಣ್ಣ ಹಾಕುವಾಗ ಅಳತೆ ಮನಸ್ಸಿನಲ್ಲಿರಲಿ. 165 ಸೆಂಟಿಮೀಟರ್ ಎತ್ತರದ ಮಹಿಳೆ 1/35ರಲ್ಲಿ 47 ಮಿಲಿಮೀಟರ್. ಅವಳ ಕಣ್ಣಿನ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ. ಅಲ್ಲಿ ಅಚ್ಚ ಬಿಳಿ ಹಾಕಿದರೆ ಬೆಚ್ಚಿಬಿದ್ದ ಮುಖವಾಗುತ್ತದೆ. ಮೊದಲು ಕಣ್ಣಿನ ಜಾಗಕ್ಕೆ ಕಡುಕಂದು, ಅದರೊಳಗೆ ಅಂಚು ಉಳಿಯುವಂತೆ ಮಾಸಲು ಬಿಳಿ, ನಡುವೆ ಮೇಲಿನ ರೆಪ್ಪೆಗೆ ತಾಗುವಂತೆ ಪಾಪೆ. ಅತಿ ಸಣ್ಣ ಕುಂಚದ ಮೋಹ ಬೇಡ, ಬಣ್ಣ ಅದರ ತುದಿಯಲ್ಲೇ ಒಣಗಿಬಿಡುತ್ತದೆ. ತುದಿ ಚೂಪಾಗಿ ನಿಲ್ಲುವ ಸೊನ್ನೆ ಅಥವಾ ಒಂದನೇ ನಂಬರಿನದು ಸಾಕು. ಹೆಣ್ಣೆಂದು ತೋರಿಸಲು ತುಟಿಗೆ ಕಡುಕೆಂಪು ಬಳಿಯುವ ರೂಢಿ ನನಗೆ ಸಹಿಸಲಾಗದ್ದು. ರಾತ್ರಿಯಿಡೀ ತೆರೆದ ವಿಮಾನದಲ್ಲಿ ಹಾರಿ ಬಂದವಳ ತುಟಿ ಒಡೆದಿರುತ್ತದೆ. ಮೈಬಣ್ಣಕ್ಕೆ ಚೂರು ಕೆಂಗಂದು ಬೆರೆಸಿ ಕೆಳತುಟಿಗೆ ತಿಳಿಯಾಗಿ, ಮೇಲ್ತುಟಿಗೆ ಗಾಢವಾಗಿ ಹಚ್ಚಿ. ಮೈಬಣ್ಣವೂ ಅಷ್ಟೇ. ಚರ್ಮದ ಬಣ್ಣವೆಂದು ಹೆಸರಿಟ್ಟ ಸೀಸೆಯೊಳಗಿರುವುದು ಸಾಮಾನ್ಯವಾಗಿ ಬಿಳಿಯರ ಬಣ್ಣ ಮಾತ್ರ. ಕೆಂಗಂದು, ಕಾವಿಹಳದಿ, ಬಿಳಿ, ತುಸು ನೀಲಿ ಇವಿಷ್ಟಿದ್ದರೆ ಲೋಕದ ಯಾವ ಮೈಬಣ್ಣವನ್ನಾದರೂ ಬೆರೆಸಿಕೊಳ್ಳಬಹುದು.

ಕಟ್ಟುವಾಗ ಹಂತಹಂತವಾಗಿ ಫೋಟೋ ತೆಗೆದಿಡಿ. ಪ್ರದರ್ಶನವೊಂದರಲ್ಲಿ ನನ್ನ ಮಾಡೆಲ್ ಮುಂದೆ ನಿಂತವರು "ಇದನ್ನು ನಿಮ್ಮ ಯಜಮಾನರು ಕಟ್ಟಿದ್ದೇ?" ಎಂದು ನನ್ನನ್ನೇ ಕೇಳಿದ್ದರು. ಮೊಬೈಲ್ ತೆರೆದು, ಬಣ್ಣ ಕಾಣುವ ಮೊದಲಿನ ಬೂದು ಪ್ಲಾಸ್ಟಿಕ್‌ನಿಂದ ಶುರುಮಾಡಿ ಒಂದೊಂದೇ ತೋರಿಸಿದೆ. ಮಾತು ಅಲ್ಲಿಂದ ತಂತಿ ಬಿಗಿಯುವ ವಿಧಾನಕ್ಕೆ ತಿರುಗಿತು. ಫೋಟೋದ ಇನ್ನೊಂದು ಲಾಭವೆಂದರೆ, ಒಡಲು ಮುಚ್ಚಿದ ಮೇಲೆ ಕಾಣದೆ ಹೋಗುವ ಒಳಗಿನ ಕೆಲಸವನ್ನು ತೀರ್ಪುಗಾರರಿಗೆ ತೋರಿಸಬಹುದು.

ಸ್ಪರ್ಧೆಗೆ ಇಡುವುದಾದರೆ ವಯಸ್ಸಿನ ಪ್ರಕಾರ ಕಿರಿಯರ ವಿಭಾಗಕ್ಕೆ ಸೇರಿಸಿ, ಅದು ನ್ಯಾಯ. ಮಹಿಳೆಯರಿಗೆಂದೇ ಬೇರೆ ವಿಭಾಗ ಮಾಡುತ್ತೇವೆಂದರೆ ನಾನು ಒಪ್ಪುವುದಿಲ್ಲ. ರೆಕ್ಕೆಗಳು ಸಮನಾಗಿವೆಯೇ, ಚಕ್ರಗಳೆಲ್ಲ ನೆಲ ಮುಟ್ಟುತ್ತವೆಯೇ, ಸಂದುಗಳು ಮುಚ್ಚಿವೆಯೇ ಎಂದು ತೀರ್ಪುಗಾರರು ಟಾರ್ಚ್ ಹಿಡಿದು ನೋಡುವಾಗ ಕಟ್ಟಿದವರ ಹೆಸರಿಗೆ ಕೆಲಸವಿಲ್ಲ. ಕಲಿಸುವ ಮೇಜಿನಲ್ಲಿ ಕುಳಿತವರಿಗೂ ಒಂದು ಮಾತು: ಹುಡುಗಿ ತಡವರಿಸಿದಳೆಂದು ಅವಳ ಕೈಯಿಂದ ಚಿಮಟ ಕಿತ್ತುಕೊಂಡು ನೀವೇ ಅಂಟಿಸಿ ಕೊಡಬೇಡಿ. ಇನ್ನೊಂದು ಚಿಮಟ, ಇನ್ನೊಂದು ಬೇಡದ ಭಾಗ ತೆಗೆದುಕೊಂಡು ಪಕ್ಕದಲ್ಲಿ ಕುಳಿತು ಮಾಡಿ ತೋರಿಸಿ, ಅವಳ ಭಾಗವನ್ನು ಅವಳೇ ಅಂಟಿಸಲಿ.