ಟಿಕೆಟ್‌ನಲ್ಲಿ ಹೆಂಗಸರ ಪಾಲು: ಒಂದು ಮನವಿ ಬರೆದ ಅನುಭವ

2023ರ ವಿಧಾನಸಭಾ ಚುನಾವಣೆಗೆ ಮೊದಲು ನಮ್ಮ ಜಿಲ್ಲೆಯ ಕೆಲವು ಮಹಿಳಾ ಸಂಘದವರು ನನ್ನ ವಕೀಲಿ ಆಫೀಸಿಗೆ ಬಂದರು. ಪಕ್ಷಗಳು ಮೂರನೇ ಒಂದು ಭಾಗ ಟಿಕೆಟ್ ಹೆಂಗಸರಿಗೆ ಕೊಡಲಿ, ಅದಕ್ಕೆ ಕಾನೂನಿನ ಕಾರಣ ಸೇರಿಸಿ ಮನವಿ ಬರೆದುಕೊಡಿ ಎಂದರು. ಎರಡು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲ ಕರಡನ್ನು ನನ್ನ ಸೀನಿಯರ್‌ಗೆ ತೋರಿಸಿದೆ. "ಸಂವಿಧಾನದ 14ನೇ ವಿಧಿ ಎಲ್ಲರೂ ಸಮಾನ ಅನ್ನುತ್ತೆ. ಗಂಡಸು ಅನ್ನೋ ಕಾರಣಕ್ಕೆ ಟಿಕೆಟ್ ತಪ್ಪಿದ್ರೆ ಅದು ತಾರತಮ್ಯ ಅಲ್ವೇನಮ್ಮಾ?" ಎಂದು ಕೇಳಿದರು. ಪಕ್ಷದ ಕಚೇರಿಯಲ್ಲೂ ಇದೇ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಮನವಿಯ ಅರ್ಧ ಭಾಗ ಇದಕ್ಕೇ ಹೋಯಿತು.

ಉತ್ತರ 15(3)ನೇ ವಿಧಿಯಲ್ಲಿದೆ. ಹೆಂಗಸರಿಗೆ, ಮಕ್ಕಳಿಗೆ ಸರ್ಕಾರ ವಿಶೇಷ ಅವಕಾಶ ಮಾಡಿಕೊಡಬಹುದು ಎನ್ನುತ್ತದೆ ಅದು. ಆಂಧ್ರದ ಸರ್ಕಾರಿ ಕೆಲಸಗಳಲ್ಲಿ ಹೆಂಗಸರಿಗಿದ್ದ ಶೇ. 30ರ ಪಾಲನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಇದರ ಮೇಲೆಯೇ ಎತ್ತಿಹಿಡಿಯಿತು. ಈ ಒಂದು ಸಾಲಿನ ಬೆಲೆ ನನಗೆ ಅರ್ಥವಾದದ್ದು ಫ್ರಾನ್ಸಿನ ಕಥೆ ಓದಿದಾಗ. ಅಲ್ಲಿ 1982ರಲ್ಲಿ, ನಗರಸಭೆ ಚುನಾವಣೆಯ ಪಟ್ಟಿಯಲ್ಲಿ ಗಂಡಸರೇ ಆಗಲಿ ಹೆಂಗಸರೇ ಆಗಲಿ ಶೇ. 75ಕ್ಕಿಂತ ಜಾಸ್ತಿ ಇರಬಾರದು ಎಂಬ ನಿಯಮ ತಂದರು. ಮತದಾರರನ್ನೂ ಅಭ್ಯರ್ಥಿಗಳನ್ನೂ ಹೀಗೆ ವಿಂಗಡಿಸುವಂತಿಲ್ಲ ಎಂದು, ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನೋಡುವ ಅಲ್ಲಿನ ಸಂವಿಧಾನ ಮಂಡಳಿ ಅದನ್ನು ತಳ್ಳಿಹಾಕಿತು. 1999ರಲ್ಲಿ ಸಂವಿಧಾನವನ್ನೇ ತಿದ್ದಿ, 2000ದಲ್ಲಿ ಹೊಸ ಕಾನೂನು ಮಾಡಬೇಕಾಯಿತು. ನಮ್ಮ ಸಂವಿಧಾನದಲ್ಲಿ ಆ ಸಾಲು ಮೊದಲ ದಿನದಿಂದಲೇ ಇದೆ.

ಇನ್ನೊಂದು ಮಾತನ್ನೂ ಸೇರಿಸಿದೆ. ಚುನಾವಣೆಗೆ ನಿಲ್ಲುವುದು ಕಾಯ್ದೆ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟ್ 1952ರ ಪೊನ್ನುಸ್ವಾಮಿ ಪ್ರಕರಣದಲ್ಲೇ ಹೇಳಿದೆ. ಪಕ್ಷದ ಟಿಕೆಟ್ ಅಂತೂ ಯಾರ ಹಕ್ಕೂ ಅಲ್ಲ. ಸಿಗದವರು ಪಕ್ಷೇತರರಾಗಿ ನಿಲ್ಲಬಹುದು. ಕ್ಷೇತ್ರವನ್ನೇ ಮೀಸಲಿಟ್ಟರೆ ಅದೂ ಆಗುವುದಿಲ್ಲ; ಟಿಕೆಟ್ ಪಾಲು ಅಷ್ಟು ಬಿಗಿಯಲ್ಲ.

ಪಕ್ಷ ಖಾಸಗಿ ಸಂಘ ಅಲ್ವಾ ಅನ್ನುವವರಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ ತೋರಿಸಿದೆ. ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇವೆ ಎಂದು ಬರೆದುಕೊಡದೆ ಯಾವ ಪಕ್ಷವೂ ನೋಂದಣಿ ಆಗುವುದಿಲ್ಲ. ಆದರೆ ಟಿಕೆಟ್ ಪಾಲನ್ನು ಕಡ್ಡಾಯ ಮಾಡುವ ಕಾನೂನು ನಮ್ಮಲ್ಲಿಲ್ಲ. ಮನವಿಯಲ್ಲಿ ಅದನ್ನು ಮುಚ್ಚಿಡಲಿಲ್ಲ.

ಕರಡು ಓದಿ ಹೇಳಿದ ದಿನ, ಹಿಂದೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಲಾಯರಮ್ಮಾ, ಸೋಲೋ ಕ್ಷೇತ್ರ ಹುಡುಕಿ ನಮಗೆ ಕೊಡ್ತಾರೆ. ಆಗೇನ್ ಮಾಡ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಹೋಗಿ ಮತ್ತೆ ಓದಿದೆ. ಅರ್ಜೆಂಟೀನಾದ 1991ರ ಕಾನೂನು ಬರೀ ಶೇ. 30 ಅಂದು ಸುಮ್ಮನಾಗಿರಲಿಲ್ಲ. ಗೆಲ್ಲುವ ಸಾಧ್ಯತೆ ಇರುವ ಜಾಗದಲ್ಲೇ ಹೆಂಗಸರ ಹೆಸರಿರಬೇಕು ಎಂದಿತ್ತು. ಅಲ್ಲಿ ಪಕ್ಷ ಕೊಡುವ ಹೆಸರುಗಳ ಪಟ್ಟಿಗೆ ಮತ ಹಾಕುತ್ತಾರೆ, ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ. ಹಾಗಾಗಿ ನಮ್ಮ ರೀತಿಗೆ ಹೊಂದಿಸಿ ಬರೆದೆ: ಪಕ್ಷ ಕಳೆದ ಸಲ ಗೆದ್ದ ಕ್ಷೇತ್ರಗಳಲ್ಲೂ ಮೂರನೇ ಒಂದು ಭಾಗ ಹೆಂಗಸರಿಗೆ ಸಿಗಬೇಕು.

ಪಕ್ಷದ ಕಚೇರಿಯಲ್ಲಿ ಉಳಿದದ್ದಕ್ಕೆಲ್ಲ ತಲೆಯಾಡಿಸಿದರು. ಈ ಸಾಲಿಗೆ ಬಂದಾಗ ಮಾತ್ರ "ಈಗಿರೋ ಶಾಸಕರನ್ನ ಏನು ಮಾಡೋದು?" ಎಂದರು. ಮನವಿ ತಲುಪಿತೆಂದು ಸೀಲು ಹಾಕಿ ಕಳಿಸಿದರು.

ಆ ಚುನಾವಣೆಯಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು 10 ಜನ. ಸೆಪ್ಟೆಂಬರಿನಲ್ಲಿ ಸಂಸತ್ತು ಹೆಂಗಸರಿಗೆ ಮೀಸಲಾತಿ ಕೊಡುವ ಸಂವಿಧಾನದ 106ನೇ ತಿದ್ದುಪಡಿ ಒಪ್ಪಿದಾಗ ಸಂಘದವರು ಸಿಹಿ ತಂದರು. ಖುಷಿಯಾಯಿತು. ಆದರೆ ಅದು ಕ್ಷೇತ್ರಗಳ ಮೀಸಲಾತಿ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿತ್ತು. ಟಿಕೆಟ್ ಕೊಡಲು ಪಕ್ಷಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಅದಕ್ಕೇ ಅದೇ ಮನವಿಯನ್ನು ಮತ್ತೆ ತಿದ್ದುತ್ತಿದ್ದೇನೆ. ಆ ಹಿರಿಯರು ಬರೆಸಿದ ಸಾಲನ್ನು ಈ ಸಲ ಮೊದಲ ಪುಟಕ್ಕೆ ತಂದಿದ್ದೇನೆ.